ಇಪ್ಪತ್ತೊಂದನೆಯ ಹೆಸರು

ದಾಕ್ಷಾಯಿಣಿಯ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಕೊರಳಪಟ್ಟಿ ಹಿಡಿಯುವುದು ಬೇಡ. ಆದರೆ ಅವಳ ಬಗ್ಗೆ ಬೇರೆ ಯಾರೂ ಬರೆಯುವುದಿಲ್ಲ. ಊರವರ ಪಾಲಿಗೆ ಅವಳು ಗೋಕಾಕದ ಬಸ್ ಸ್ಟ್ಯಾಂಡಿನ ಹತ್ತಿರ ಮಾಳಿಗೆಯ ಮೇಲೆ ಹುಡುಗಿಯರಿಗೆ ಏನೋ ಕಲಿಸುತ್ತಿದ್ದ ಒಬ್ಬ ವಿಧವೆ. ಕೇಂದ್ರ ಬಂದ್ ಆಯಿತು, ಅವಳೂ ಕಾಣದಾದಳು, ಮುಗಿಯಿತು. ಹೀಗೆ ಎರಡು ಮಾತಿನಲ್ಲಿ ಮುಗಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರಿಗಿಂತ ಹೆಚ್ಚು ಉರಿಯುವುದು ನನ್ನ ಮೇಲೆಯೇ.

ನಾನು ಕಾಶಿನಾಥ. ಮೂಡಲಗಿಯ ಪೇಟೆಯಲ್ಲಿ ಲಂಗ, ಬ್ಲೌಸ್ ಪೀಸು, ಟವೆಲು ಮಾರುವ ಹತ್ತಡಿ ಅಗಲದ ಅಂಗಡಿ ನನ್ನದು. ಅದಕ್ಕೆ ಮುಂಚೆ ಗೋಕಾಕದ ದೊಡ್ಡ ಜವಳಿ ಅಂಗಡಿಯೊಂದರ ಗಾದಿಯ ಮೇಲೆ ಇಪ್ಪತ್ತಾರು ವರ್ಷ ಕೂತು ಸೀರೆ ಮಾರಿದವನು. ಆ ಕಾಲದ ಅಂಗಡಿಗಳಲ್ಲಿ ಒಂದು ಪದ್ಧತಿ ಇತ್ತು. ಗಂಡಸರು ಸೀರೆ ಬಿಚ್ಚಿ ತೋರಿಸಬೇಕು, ಹೆಂಗಸರು ಹಿಂದೆ ಕೂತು ಮಡಚಬೇಕು. ಮಡಚುವವರು ಗಿರಾಕಿಯ ಜೊತೆ ಮಾತಾಡುವಂತಿಲ್ಲ. ದಾಕ್ಷಾಯಿಣಿ ಹುಕ್ಕೇರಿಯ ಹುಡುಗಿ, ಗೋಕಾಕಕ್ಕೆ ಸೊಸೆಯಾಗಿ ಬಂದವಳು. ಅವಳಿಗೆ ಇಪ್ಪತ್ತೆಂಟಿದ್ದಾಗ ಗಂಡ ಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ. ತವರಿಗೆ ಹೋಗಿ ಅಣ್ಣ ಅತ್ತಿಗೆಯ ಮುಖ ನೋಡುತ್ತ ಕೂರುವ ಬದಲು ನಮ್ಮ ಅಂಗಡಿಗೆ ಮಡಚಲು ಬಂದಳು. ಹನ್ನೊಂದು ವರ್ಷ ಮಡಚಿದಳು.

ಬಾಯಿ ಮುಚ್ಚಿಕೊಂಡು ಕೂತವರು ಕಣ್ಣು ಮುಚ್ಚಿಕೊಂಡಿರುವುದಿಲ್ಲ, ಅದು ನನಗೆ ತಡವಾಗಿ ಗೊತ್ತಾಯಿತು. ಒಂದು ಸಲ ಇಪ್ಪತ್ತು ಮಂದಿಯ ತಂಡ ಬಸ್ತಾ, ಎಂದರೆ ಮದುವೆಯ ಜವಳಿ, ತೆಗೆಯಲು ಬಂದಿತ್ತು. ಎಂಬತ್ತು ಸೀರೆ ಬಿಚ್ಚಿ ಹಾಕಿದ್ದೆ. ಮದುಮಗಳಿಗೆ ಹಿಡಿಸಿದ್ದು ತಾಯಿಗೆ ಹಿಡಿಸದು, ತಾಯಿಗೆ ಹಿಡಿಸಿದ್ದು ಅತ್ತೆಗೆ ಹಿಡಿಸದು. ಮಧ್ಯಾಹ್ನದ ಊಟ ತಪ್ಪಿ ನನ್ನ ಸಿಟ್ಟು ನೆತ್ತಿಗೇರಿತ್ತು. ಇನ್ನೇನು ಅವರು ಎದ್ದು ಹೋಗಬೇಕು, ಹಿಂದಿನಿಂದ ದಾಕ್ಷಾಯಿಣಿ ಮೆಲ್ಲಗೆ ಹೇಳಿದಳು:

"ಅಣ್ಣಾರ, ಬಾಗಲದಾಗ ಕುಂತ ಮುದಕೀಗಿ ತೋರಸ್ರಿ."

ಬಾಗಿಲಲ್ಲಿ ಚಪ್ಪಲಿಗಳ ಪಕ್ಕ ಒಬ್ಬ ಮುದುಕಿ ಕೂತಿದ್ದಳು. ಅವಳನ್ನು ಯಾರೂ ಮಾತಾಡಿಸಿರಲಿಲ್ಲ, ಆದರೆ ಎಲ್ಲರೂ ಒಂದು ಸಲ ಅವಳ ಕಡೆ ನೋಡಿಯೇ ಬೇಡ ಅನ್ನುತ್ತಿದ್ದರಂತೆ. ನಾನು ಸೀರೆಗಳನ್ನು ಎತ್ತಿಕೊಂಡು ಹೋಗಿ ಅವಳ ಮುಂದೆ ಹರಡಿದೆ. ಅರ್ಧ ಗಂಟೆಯಲ್ಲಿ ವ್ಯಾಪಾರ ಮುಗಿಯಿತು.

"ಸೀರಿ ನೋಡಾಕಿ ಒಬ್ಬಾಕಿ, ರೊಕ್ಕಾ ಕೊಡಾಂವ ಒಬ್ಬಾಂವ, ಹೂಂ ಅನ್ನಾಕಿ ಮತ್ತೊಬ್ಬಾಕಿ," ಅಂದಳು ಸಂಜೆ. "ಆ ಹೂಂ ಅನ್ನಾಕೀನ್ನ ಹುಡಕಬೇಕ್ರಿ."

ಮಾಲೀಕರು ನನ್ನ ಬೆನ್ನು ತಟ್ಟಿದರು. ನಾನು ಸುಮ್ಮನೆ ತಟ್ಟಿಸಿಕೊಂಡೆ. ಅವಳು ಅದನ್ನು ಎಂದೂ ಎತ್ತಿ ಆಡಲಿಲ್ಲ. ಮುಂದೆ ಮಾಲೀಕರೇ ಕಂಡುಕೊಂಡು ಅವಳನ್ನು ಗಾದಿಯ ಮೇಲೆ ಕೂರಿಸಿದರು. ಗೋಕಾಕದ ಆ ಸಾಲಿನಲ್ಲಿ ಗಾದಿಯ ಮೇಲೆ ಕೂತು ಮಾರಿದ ಮೊದಲ ಹೆಂಗಸು ಅವಳು. ಏಳು ವರ್ಷ ನನ್ನ ಬಲಗಡೆ ಕೂತಿದ್ದಳು.

ಆಮೇಲೆ ಮಾಲೀಕರು ತೀರಿಕೊಂಡರು, ಮಕ್ಕಳು ಪಾಲಾದರು, ಗಾದಿ ಎತ್ತಿ ಗಾಜಿನ ಬಾಗಿಲು ಹಾಕಿದರು. ನಮ್ಮಂಥ ಹಳಬರು ಬೇಡವಾದೆವು. ನಾನು ಮೂಡಲಗಿಗೆ ಬಂದು ಅಂಗಡಿ ಇಟ್ಟೆ. ದಾಕ್ಷಾಯಿಣಿ ಒಂದು ವರ್ಷ ಮನೆಯಲ್ಲಿ ಸೀರೆಗಳಿಗೆ ಫಾಲು ಹಚ್ಚುತ್ತ ಕೂತಳು. ಆಗ ಒಂದು ಸಂಸ್ಥೆಯವರು ಅವಳನ್ನು ಹುಡುಕಿಕೊಂಡು ಬಂದರು. ಹಳ್ಳಿಯ ಹುಡುಗಿಯರಿಗೆ ಅಂಗಡಿಯಲ್ಲಿ ಮಾರಾಟದ ಕೆಲಸ ಕಲಿಸುವುದಕ್ಕೆ ಸರ್ಕಾರದ ಅನುದಾನ ಬಂದಿದೆ, ಮೂರು ತಿಂಗಳ ತರಬೇತಿ, ಕಲಿಸುವವರು ಬೇಕು ಅಂದರು.

ಈ ಅನುದಾನದ ಸ್ವರೂಪ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ದುಡ್ಡು ಮೂರು ಕಂತಿನಲ್ಲಿ ಬರುತ್ತದೆ. ಮೂವತ್ತು ಹುಡುಗಿಯರು ಸೇರಿದಾಗ ಒಂದು, ಪರೀಕ್ಷೆ ಪಾಸಾದಾಗ ಒಂದು, ಕೆಲಸಕ್ಕೆ ಸೇರಿ ಮೂರು ತಿಂಗಳಾದ ಮೇಲೆ ಕೊನೆಯದು. ಆ ಕೊನೆಯದಕ್ಕೆ ಬೆಂಗಳೂರಿನಿಂದ ಒಬ್ಬೊಬ್ಬರ ಮನೆಗೂ ಫೋನ್ ಮಾಡಿ, ನಿಮ್ಮ ಹುಡುಗಿ ಕೆಲಸದಲ್ಲಿದ್ದಾಳೆಯೇ ಎಂದು ಕೇಳುತ್ತಾರೆ. ಮೂವತ್ತರಲ್ಲಿ ಇಪ್ಪತ್ತೊಂದು ಮನೆಯವರು ಹೌದು ಅನ್ನಬೇಕು. ಇಪ್ಪತ್ತು ಮಂದಿ ಅಂದರೆ ಕೊನೆಯ ಕಂತೂ ಇಲ್ಲ, ಮುಂದಿನ ತಂಡವೂ ಇಲ್ಲ, ಕೇಂದ್ರವೂ ಇಲ್ಲ. ಅಂಗಡಿಯವರ ಚೀಟಿ ತಂದು ತೋರಿಸಬಹುದಲ್ಲ ಅನ್ನಬೇಡಿ. ನಮ್ಮ ಕಡೆ ಅಂಗಡಿಯವರು ಪಗಾರವನ್ನು ಕೈಯಲ್ಲಿ ಕೊಡುತ್ತಾರೆ. ಚೀಟಿ ಕೇಳಿದರೆ ನಾಳೆಯಿಂದ ಹುಡುಗಿಯೇ ಬೇಡ ಅನ್ನುತ್ತಾರೆ.

ಆ ಮಾಳಿಗೆಯ ಕೋಣೆಗೆ ನಾನು ಮೊದಲ ಸಲ ಹೋದಾಗ ನಗು ಬಂತು. ಎರಡು ಬೆಂಚು ಜೋಡಿಸಿ ಅದನ್ನೇ ಕೌಂಟರ್ ಮಾಡಿದ್ದಳು. ಹುಡುಗಿಯರು ತಂತಮ್ಮ ಮನೆಯ ಸೀರೆ, ಟವೆಲು, ಸೋಪು, ಬಿಸ್ಕತ್ತು ತಂದು ಜೋಡಿಸಿದ್ದರು. ಒಬ್ಬಳು ಗಿರಾಕಿ, ಒಬ್ಬಳು ಮಾರುವವಳು. ಮೇಲವಂಕಿಯ ಕಾಜಲ್ ಅನ್ನುವ ಹುಡುಗಿಗೆ, "ಏನ್ ಬೇಕ್ರಿ?" ಎಂದು ಗಟ್ಟಿಯಾಗಿ ಕೇಳುವುದಕ್ಕೆ ಹನ್ನೆರಡು ದಿನ ಹಿಡಿಯಿತಂತೆ.

"ಏನ್ ಮಾಡೂದ್ರಿ ಅಣ್ಣಾರ," ಅಂದಳು ದಾಕ್ಷಾಯಿಣಿ. "ಸಣ್ಣಾಕಿ ಇದ್ದಾಗಿಂದ ಯಾರರ ಬಂದ್ರ ಒಳಗ ಹೋಗ ಅಂತ ಕಲಸಿರತಾರ. ಈಗ ನಾ ಮುಂದ ಬಾ ಅಂತೇನಿ. ಹೆಂಗ ಬರಬೇಕ ಅವು?"

ಪಠ್ಯದಲ್ಲಿ ಇದ್ದದ್ದು ಬಿಲ್ಲಿಂಗ್ ಮಷೀನು, ಸ್ಟಾಕ್ ಪಟ್ಟಿ, ನಗುಮೊಗದ ಸೇವೆ. ಅವಳು ಕಲಿಸಿದ್ದು ಬೇರೆ. ಗಿರಾಕಿಯ ಕೈ ಎಲ್ಲಿ ಹೋಗಿ ಹಿಂದೆ ಬಂತು ನೋಡು. ಬೆಲೆ ಕೇಳದೆ ಎದ್ದವರನ್ನು ಬೇಸರ ಮಾಡಿಕೊಂಡು ಕಳಿಸಬೇಡ. ಬಡವರು ಬಂದರೆ ಅಗ್ಗದ್ದನ್ನು ಮೊದಲು ತೆಗೆಯಬೇಡ, ಅವರಿಗೆ ಅವಮಾನವಾಗುತ್ತದೆ; ನಡುವಿನದರಿಂದ ಶುರು ಮಾಡು. ಇಪ್ಪತ್ತಾರು ವರ್ಷ ಮಾರಿದ ನನಗೂ ಆ ಕೊನೆಯ ಮಾತು ಹೊಳೆದಿರಲಿಲ್ಲ.

ನನ್ನ ಮಗಳು ನೇತ್ರಾಳನ್ನು ಆ ತಂಡಕ್ಕೆ ಸೇರಿಸಿದ್ದು ನಾನೇ. ಬಿ.ಎ. ಮುಗಿಸಿ ಮನೆಯಲ್ಲಿ ಟಿವಿ ನೋಡುತ್ತಿದ್ದಳು. ಓಣಿಯಲ್ಲಿ ಮಾತ್ರ, ಮಗಳು ಗೋಕಾಕಕ್ಕೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಾಳೆ ಎಂದು ಹೇಳಿದೆ. ಜವಳಿ ಅಂಗಡಿಯಲ್ಲಿ ಜನ್ಮ ಸವೆಸಿದವನು ಮಗಳು ಅಂಗಡಿ ಕೆಲಸ ಕಲಿಯುತ್ತಾಳೆ ಎನ್ನಲು ನಾಚಿದೆ. ಕಾಯಕ ದೊಡ್ಡದು ಎಂದು ಮಠದಲ್ಲಿ ಕೂತು ತಲೆಯಾಡಿಸುವ ಕುಲ ನಮ್ಮದು. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ.

ಅರ್ಜಿ ತುಂಬುವಾಗ ಫೋನ್ ನಂಬರಿನ ಕಡೆ ನೇತ್ರಾ ತನ್ನದನ್ನು ಬರೆಯಹೊರಟಳು. ನಾನು ಪೆನ್ನು ಕಸಿದುಕೊಂಡೆ.

"ಹುಡಗೀ ನಂಬರ ಯಾರ್ಯಾರ ಕೈಯಾಗರ ಸಿಗಬಾರ್ದು. ನನ್ನದ ಹಾಕ."

ದಾಕ್ಷಾಯಿಣಿ ಆಗಲೇ ಅಂದಳು, "ಅಣ್ಣಾರ, ಆಕೀದ ಇರಲ್ರಿ. ಫೋನ್ ಬಂದ್ರ ಆಕೀನ ಮಾತಾಡಬೇಕು." ನಾನು ಕೇಳಲಿಲ್ಲ. ನಾನೊಬ್ಬನೇ ಅಲ್ಲ, ಹೆಚ್ಚುಕಡಿಮೆ ಎಲ್ಲ ಅಪ್ಪಂದಿರೂ ತಂತಮ್ಮ ನಂಬರನ್ನೇ ಹಾಕಿಸಿದ್ದರು. ಹೆಣ್ಣುಮಕ್ಕಳನ್ನು ಕಾಪಾಡುವ ವಿಷಯದಲ್ಲಿ ನಾವೆಲ್ಲ ಒಂದೇ.

ತರಬೇತಿ ಮುಗಿಯಿತು. ದಾಕ್ಷಾಯಿಣಿ ಗೋಕಾಕ, ಮೂಡಲಗಿ, ಹುಕ್ಕೇರಿಯ ಅಂಗಡಿಗಳನ್ನೆಲ್ಲ ಕಾಲು ಸವೆಯುವಂತೆ ಸುತ್ತಿ ಮೂವತ್ತರಲ್ಲಿ ಇಪ್ಪತ್ತಾರು ಹುಡುಗಿಯರನ್ನು ಕೆಲಸಕ್ಕೆ ಹಚ್ಚಿದಳು. ಕಾಗದದ ಮೇಲೆ ಅಲ್ಲ, ಖರೆ ಖರೆ ಕೆಲಸಕ್ಕೆ. ನೇತ್ರಾ ಗೋಕಾಕದ ಒಂದು ಸೀರೆ ಅಂಗಡಿ ಸೇರಿದಳು. ಮೊದಲ ಪಗಾರದಲ್ಲಿ ನನಗೊಂದು ಜೋಡಿ ಚಪ್ಪಲಿ ತಂದಳು. ನಾನು, ಇಷ್ಟು ದುಬಾರಿ ಯಾಕೆ ಎಂದು ಬೈದು ಹಾಕಿಕೊಂಡೆ. ಮನೆಯಲ್ಲಿ ತಲೆ ತಗ್ಗಿಸಿ ಊಟ ಮಾಡುತ್ತಿದ್ದ ಹುಡುಗಿ ಈಗ ತಟ್ಟೆಯ ಮುಂದೆ ಕೂತು ಅಂದಿನ ಗಿರಾಕಿಗಳ ಮಾತು, ನಡೆ ಎಲ್ಲ ಮಾಡಿ ತೋರಿಸಿ ನಮ್ಮನ್ನು ನಗಿಸುತ್ತಿದ್ದಳು. ಆ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ನಗು ಇತ್ತು ಎಂದು ಈಗ ಹೇಳಬಲ್ಲೆ. ಆಗ ಅದು ಗೊತ್ತಾಗಿರಲಿಲ್ಲ.

ನಾಲ್ಕನೆಯ ತಿಂಗಳು ಕಣಗಲಾದಿಂದ ಒಂದು ಸಂಬಂಧ ಬಂತು. ಹುಡುಗನ ತಂದೆ ವೀರಪ್ಪ, ಹೊಲ ಮನೆ ಇದ್ದವರು, ಹೈವೇ ಪಕ್ಕ ಜಾಗ ಇದ್ದವರು. ಹುಡುಗಿ ಏನು ಮಾಡುತ್ತಾಳೆ ಎಂದು ಕೇಳಿದರು. ನನ್ನ ಹೆಂಡತಿ ಪಾರವ್ವ ಬಾಯಿ ತೆರೆಯುವ ಮುಂಚೆ ನಾನು ಹೇಳಿದೆ: "ಮನ್ಯಾಗ ಇರತಾಳ್ರಿ." ವೀರಪ್ಪ ಒಂದು ಗಳಿಗೆ ನನ್ನ ಮುಖ ನೋಡಿದರು, ಆಮೇಲೆ, "ಆತ್ ಬಿಡ್ರಿ," ಅಂದರು. ಅವರು ಹೋದ ಮೇಲೆ ಪಾರವ್ವ ಗೊಣಗಿದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ನಾನು ಹೇಳಿದ್ದು ಒಂದೇ ಎಂದು ಅವಳ ಬಾಯಿ ಮುಚ್ಚಿಸಿದೆ. ನಿಶ್ಚಿತಾರ್ಥ ಆಗುವವರೆಗೆ ನೇತ್ರಾ ಕೆಲಸಕ್ಕೆ ಹೋಗುತ್ತಿರಲಿ, ಆಮೇಲೆ ಬಿಡಿಸಿದರಾಯಿತು ಎಂದುಕೊಂಡೆ.

ಅದೇ ವಾರ ಫೋನ್ ಬಂತು. ಬೆಳಿಗ್ಗೆ ಹನ್ನೊಂದು, ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು. ಒಬ್ಬ ಹೆಣ್ಣುಮಗಳು ಪುಸ್ತಕದ ಕನ್ನಡದಲ್ಲಿ ಯಾವುದೋ ಯೋಜನೆಯ ಉದ್ದ ಹೆಸರನ್ನು ಗಡಗಡ ಹೇಳಿ ಕೇಳಿದಳು: "ನೇತ್ರಾ ಅವರ ತಂದೆಯವರು ಮಾತನಾಡುತ್ತಿದ್ದೀರಾ? ನಿಮ್ಮ ಮಗಳು ಈಗ ಎಲ್ಲಿಯಾದರೂ ಕೆಲಸ ಮಾಡುತ್ತಿದ್ದಾರೆಯೇ?"

ನನ್ನ ತಲೆಯಲ್ಲಿ ಇದ್ದದ್ದು ಕಣಗಲಾ ಒಂದೇ. ಹುಡುಗನ ಕಡೆಯವರು ಯಾರೋ ಓದಿದವರ ಕೈಯಲ್ಲಿ ವಿಚಾರಿಸುತ್ತಿದ್ದಾರೆ ಎಂದುಕೊಂಡೆ.

"ಇಲ್ರಿ ಬಾಯಾರ. ನಮ್ಮ ಹುಡುಗಿ ಎಲ್ಲಿಗೂ ಕೆಲಸಕ್ಕ ಹೋಗೂದಿಲ್ಲ. ನಮ್ಮ ಮನಿತನದಾಗ ಹೆಣ್ಮಕ್ಕಳನ್ನ ದುಡಿಯಾಕ ಕಳಸೂದಿಲ್ರಿ."

ಧನ್ಯವಾದ ಹೇಳಿ ಇಟ್ಟಳು. ಒಂದು ನಿಮಿಷವೂ ಆಗಿರಲಿಲ್ಲ. ಎಷ್ಟು ಚೆನ್ನಾಗಿ ಉತ್ತರ ಕೊಟ್ಟೆ ಎಂದು ಮಧ್ಯಾಹ್ನ ಊಟಕ್ಕೆ ಹೋದಾಗ ಪಾರವ್ವನ ಮುಂದೆ ಹೆಮ್ಮೆಪಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನಿಶ್ಚಿತಾರ್ಥವಾಯಿತು. ನೇತ್ರಾಳನ್ನು ಕೆಲಸ ಬಿಡಿಸಿದೆ. ಐದು ತಿಂಗಳು ಮಾಡಿದ್ದಳು. ಮದುವೆ ಇಪ್ಪತ್ಮೂರನೆಯ ತಾರೀಖಿಗೆ ಗೊತ್ತಾಯಿತು. ಆ ತಿಂಗಳ ಐದಕ್ಕೆ ದಾಕ್ಷಾಯಿಣಿ ಬಸ್ಸು ಹಿಡಿದು ಮೂಡಲಗಿಗೆ ಬಂದಳು. ಮದುವೆಯ ಬಟ್ಟೆ ಆರಿಸಲು ಕರೆದಿದ್ದೆ, ಅದಕ್ಕೆ ಬಂದಳು ಎಂದುಕೊಂಡೆ. ಅವಳು ಸ್ಟೂಲಿನ ಮೇಲೆ ಕೂತು ಚೀಲದಿಂದ ಒಂದು ಕಾಗದ ತೆಗೆದಳು.

"ಇಪ್ಪತ್ತ ಮನ್ಯಾಗ ಹೌದಂದಾರ್ರಿ. ಆರ ಮನ್ಯಾಗ ಇಲ್ಲಂದಾರ. ಆರೂ ಹುಡಗ್ಯಾರು ಕೆಲಸದಾಗ ಇದ್ದಾಕಿಗೋಳ. ಹತ್ತೊಂಬತ್ತನೇ ತಾರೀಖಿನೊಳಗ ಒಂದ ಮನಿಯವ್ರರ ನಾವು ತಪ್ಪ ಹೇಳೇವಿ, ಹುಡುಗಿ ದುಡೀತಿದ್ಲು ಅಂತ ಬರದು ಸಹಿ ಮಾಡಿಕೊಟ್ರ ಸಾಕು. ಒಂದ ಒಂದು."

"ಯಾವ ಸುಡುಗಾಡ ಮಂದಿರಿ ಅವ್ರು? ದುಡ್ಯೂ ಮಕ್ಕಳನ್ನ ಇಲ್ಲ ಅನ್ನೂವಂಥಾ ಹಾಳಬಾಯಿ ಯಾರದು?" ಎಂದು ನಾನು ಹಾರಾಡಿದೆ.

ಅವಳು ಕಾಗದವನ್ನು ನನ್ನ ಕಡೆ ತಿರುಗಿಸಿದಳು. ಆರು ಹೆಸರು. ಮೂರನೆಯದು ನನ್ನ ಮಗಳದು, ಪಕ್ಕದಲ್ಲಿ ನನ್ನ ನಂಬರು.

ಆ ಫೋನು ಯಾರದು ಎಂದು ಆಗ ತಿಳಿಯಿತು. ಅವಳ ಮುಖ ನೋಡದೆ, "ಮದವಿ ಆಗಲಿ ತಂಗಿ, ಬರದ ಕೊಡತೀನಿ," ಅಂದೆ.

"ಮದವಿ ಇಪ್ಪತ್ಮೂರಕ್ಕ ಐತ್ರಿ. ಕೊನೀ ದಿನ ಹತ್ತೊಂಬತ್ತು. ಫೋನ್ ಮಾಡಿ ಕೇಳೇನಿ, ಒಂದ ದಿನಾನೂ ಮುಂದ ಹೋಗೂದಿಲ್ಲಂತ."

"ಕಾಗದ ಕೊಟ್ಟ ಮ್ಯಾಲೆ ಏನ ಮಾಡತಾರ?"

"ಒಬ್ರು ಬಂದು ಮನೀ ಬಾಜೂಕ ಕೇಳಿ ಹೋಗತಾರ್ರಿ." ಅವಳು ಸುಳ್ಳು ಹೇಳುವವಳಲ್ಲ.

ನಮ್ಮ ಬಾಜೂ ಮನೆಯವರು ವೀರಪ್ಪನವರಿಗೆ ದೂರದ ನೆಂಟರು. ಅವರಿಗೆ ನಾನು ಕಂಪ್ಯೂಟರ್ ಕ್ಲಾಸಿನ ಕತೆ ಹೇಳಿದ್ದೆ. ಮದುವೆಗೆ ನಾಲ್ಕು ದಿನ ಇದೆ ಎನ್ನುವಾಗ ಸರ್ಕಾರದವನೊಬ್ಬ ಬಂದು ಅವರ ಕಟ್ಟೆಯ ಮೇಲೆ ಕೂತು, ಈ ಮನೆಯ ಹುಡುಗಿ ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳೇ ಎಂದು ಕೇಳುವುದನ್ನು ನೆನೆಸಿಕೊಂಡೆ.

"ಉಳದ ಐದ ಮನಿ ಅದಾವಲ್ಲ," ಅಂದೆ. "ನಡಿ, ನಾ ಗಾಡಿ ಮ್ಯಾಲೆ ಕರಕೊಂಡ ಹೋಗತೀನಿ. ಒಬ್ರರ ಬರದ ಕೊಡತಾರ."

ಹೀಗೆ ಬೇರೆ ಯಾರಾದರೂ ಬರೆದುಕೊಟ್ಟರೆ ನಾನು ಬರೆಯುವುದು ತಪ್ಪುತ್ತದೆ ಎಂದು ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಊರೂರು ಸುತ್ತಿದೆ. ಮದುವೆಯ ಕೆಲಸ ಬಿಟ್ಟು ಎರಡು ದಿನ ಕೊಟ್ಟೆನಲ್ಲ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ ಕೂಡ. ಮೊದಲ ದಿನದ ಮೂರು ಮನೆಗಳಲ್ಲಿ ಎರಡಕ್ಕೆ ಬೀಗ ಇತ್ತು, ಕಬ್ಬು ಕಡಿಯುವ ಗ್ಯಾಂಗಿನ ಜೊತೆ ದೂರ ಹೋಗಿದ್ದರು. ಮೂರನೆಯವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು.

ಎರಡನೆಯ ದಿನ ಮೇಲವಂಕಿ. ಕಾಜಲ್‌ಳ ಅಪ್ಪ ಅಲ್ಲಪ್ಪ ಕೂಲಿಗೆ ಹೋಗುವವನು. ಹುಡುಗಿ ಗೋಕಾಕದ ಬಜಾರಿನಲ್ಲಿ ಬಿಲ್ಲಿಂಗ್ ಮಾಡುತ್ತಾಳೆ, ಮನೆಗೆ ಫ್ಯಾನು ಬಂದಿತ್ತು. ಫ್ಯಾನಿನ ಕೆಳಗೆ ಕೂತೇ ಮಾತಾಡಿದೆವು.

"ಸರ್ಕಾರದವ್ರು ಕೇಳಿದ್ರ ಮೊದಲ ಇಲ್ಲ ಅನಬೇಕ್ರಿ. ಮನ್ಯಾಗ ಒಬ್ರಿಗಿ ಪಗಾರ ಐತಿ ಅಂದ್ರ ರೇಷನ್ ಕಾರ್ಡ ಕಡೀತಾರ. ಕಾರ್ಡ ಹೋತಂದ್ರ ಅಕ್ಕಿ ಹೋತು, ದವಾಖಾನಿ ಹೋತು. ಆಕಿ ಪಗಾರ ನಾಳೆ ಇರತೈತೋ ಇಲ್ಲೋ," ಅಂದ ಅಲ್ಲಪ್ಪ.

ನಾನು ಸಿಟ್ಟಿನಿಂದ ಎದ್ದೆ. "ನಿನ್ನ ಮಗಳಿಗಿ ಬಾಯಿ ಬರಸಿದಾಕೀನ ಈಕಿ. ಈಕೀ ಅನ್ನಕ್ಕ ಕಲ್ಲ ಹಾಕತಿಯೇನೋ?"

ಅಲ್ಲಪ್ಪನಿಗೆ ಸಿಟ್ಟು ಬರಲಿಲ್ಲ. ತಣ್ಣಗೆ ಕೇಳಿದ: "ಸಾವ್ಕಾರ್ರ, ನಿಮ್ಮ ಮಗಳೂ ಅದ ಕ್ಲಾಸಿನ್ಯಾಕಿ ಅಲ್ರೀ. ನೀವ ಬರದ ಕೊಟ್ಟೀರೇನ್ರಿ?"

ದಾಕ್ಷಾಯಿಣಿ ನನಗಿಂತ ಮೊದಲು ಎದ್ದು, "ಬರ್ತೀವ್ರಿ ಅಣ್ಣಾ," ಎಂದು ಹೊರಗೆ ನಡೆದಳು. ನನ್ನ ಮಾನ ಕಾಪಾಡಿದಳು. ನಾನು ಮಾತ್ರ ತಡೆಯಲಾಗದ ಸಿಟ್ಟಿನಿಂದ ಬೈಕಿನ ಕಿಕ್ಕನ್ನು ಒದ್ದೆ.

ಕೊನೆಯದು ಘೋಡಗೇರಿ. ಉದ್ದವ್ವ ಎನ್ನುವ ಅಜ್ಜಿ, ಮೊಮ್ಮಗಳನ್ನು ಸಾಕಿದವಳು. ಮೊಮ್ಮಗಳು ಹುಕ್ಕೇರಿಯ ಪಾತ್ರೆ ಅಂಗಡಿಯಲ್ಲಿದ್ದಾಳೆ. ಅಜ್ಜಿ ನಮಗೆ ಚಹಾ ಕೊಟ್ಟಳು, ದಾಕ್ಷಾಯಿಣಿಯ ಕೈ ಹಿಡಿದುಕೊಂಡು ಅತ್ತಳು. ಬರೆದ ಕಾಗದವನ್ನು ನಾನೇ ಓದಿ ಹೇಳಿದೆ. ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡಳು. ಕಾಗದಕ್ಕೆ ಇನ್ನೇನು ಒತ್ತಬೇಕು, ಬೆರಳು ಹಾಗೆಯೇ ಹಿಡಿದು ಕೇಳಿದಳು:

"ನನ್ನ ಅಕ್ಕಿ ನಿಲ್ಲೂದಿಲ್ಲಲ್ಲ ಯವ್ವಾ?"

ನಾನು ದಾಕ್ಷಾಯಿಣಿಗೆ ಕಣ್ಣು ಮಾಡಿದೆ. ಅವಳು ನನ್ನನ್ನು ನೋಡಲೇ ಇಲ್ಲ.

"ನನಗ ಗೊತ್ತಿಲ್ಲ ಆಯಿ," ಅಂದಳು.

ಅಜ್ಜಿ ಶಾಯಿಯ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಊರು ದಾಟುವವರೆಗೆ ತಡೆದುಕೊಂಡಿದ್ದೆ, ಆಮೇಲೆ ಬೈಕು ನಿಲ್ಲಿಸಿ ಕೂಗಾಡಿದೆ. "ನಿಲ್ಲೂದಿಲ್ಲ ಅಂತ ಒಂದ ಮಾತ ಅಂದಿದ್ರ ನಿನ್ನ ಗಂಟ ಏನ ಹೋಗತಿತ್ತು? ಕೈಗಿ ಬಂದ ತುತ್ತ ಬಾಯಿಗಿ ಬರಲಿಲ್ಲ. ಎಲ್ಲಾ ಹಾಳ ಮಾಡಿದಿ."

"ಸುಳ್ಳ ಹೇಳಿ ಖರೆ ಬರಸೂದ್ರಿ ಅಣ್ಣಾರ?" ಅಂದಳು. ಆಮೇಲೆ ಎರಡು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟು ನನ್ನನ್ನೇ ಕೇಳಿದಳು. "ಬ್ಯಾರೆ ಊರಾಗಿನ ಒಂದ ಕೇಂದ್ರದಾಗ ಒಬ್ಬ ಹುಡಗೀನೂ ಕೆಲಸಕ್ಕ ಹೋಗಿಲ್ಲ. ಫೋನ್ ಬಂದ್ರ ಹೌದ ಅನ್ರಿ ಅಂತ ಮನೀಮನೀಗಿ ಹೇಳಿಕೊಟ್ಟಾರ. ಅವ್ರದ ಪಾಸಾತು. ನನಗ ಸುಳ್ಳ ಬ್ಯಾಡ. ನೇತ್ರಾ ಖರೇನ ದುಡದಾಳ. ಅಷ್ಟ ಬರದ ಕೊಡ್ರಿ. ಮುಂದಿನ ತಂಡಕ್ಕ ಮೂವತ್ತ ಹುಡಗ್ಯಾರು ಹೆಸರ ಹಚ್ಚ್ಯಾರ. ನನಗ ಬ್ಯಾರೆ ಏನೂ ಇಲ್ರಿ ಅಣ್ಣಾರ, ಇದೊಂದ ಐತಿ."

ಹದಿನೆಂಟು ವರ್ಷ ಒಂದೇ ಅಂಗಡಿಯಲ್ಲಿ ದುಡಿದವಳು. ನನ್ನಿಂದ ಒಂದು ಲೋಟ ನೀರನ್ನೂ ಕೇಳಿದವಳಲ್ಲ.

"ಮಗಳ ಮದವಿ ತಂಗಿ," ಅಂದೆ.

"ಹೌದ್ರಿ," ಅಂದಳು. ಬೈಕು ಹತ್ತಿದಳು. ಗೋಕಾಕದಲ್ಲಿ ಅವಳನ್ನು ಇಳಿಸಿ ಮೂಡಲಗಿಗೆ ತಿರುಗಿದೆ.

ಮನೆಗೆ ಬಂದಾಗ ನೇತ್ರಾ ಕೈಗೆ ಮೆಹೆಂದಿ ಹಚ್ಚುವವಳ ಫೋನ್ ನಂಬರು ಹುಡುಕುತ್ತಿದ್ದಳು. ಪಟ್ಟಿಯ ವಿಷಯ ಅವಳಿಗೆ ಹೇಗೋ ತಿಳಿದಿತ್ತು, ಬಹುಶಃ ಕಾಜಲ್ ಹೇಳಿರಬೇಕು.

"ಅಪ್ಪಾ, ಅಕ್ಕಾರಿಗಿ ಬರದ ಕೊಟ್ಟಿಯೇನು?"

"ನಿನ್ನ ಸಲುವಾಗೇ ಕೊಟ್ಟಿಲ್ಲ."

"ನಾ ಕೊಡಬ್ಯಾಡ ಅಂದ್ನೇನು?"

"ನಿನಗ ತಿಳೀದಿಲ್ಲ. ಸುಮ್ಮಕಿರ."

ಅವಳು ಸುಮ್ಮನಾಗಲಿಲ್ಲ. ಕೌಂಟರಿನ ಹಿಂದೆ ನಿಂತು ಕಲಿತ ದನಿ ಅದು, ಜೋರಿಲ್ಲ, ನಡುಕವೂ ಇಲ್ಲ. "ಐದ ತಿಂಗಳ ನಾ ಎಲ್ಲಿದ್ದೆ ಹಂಗಾದ್ರ? ಫೋನಿನ್ಯಾಗ ಇಲ್ಲ ಅಂದಿ. ಅಲ್ಲಿ ನಿಂತಾಕಿ ಯಾರು?"

ಕಪಾಳಕ್ಕೆ ಹೊಡೆಯಲು ಕೈ ಎತ್ತಿದೆ. ಮದುಮಗಳು ಎಂದು ಪಾರವ್ವ ಅಡ್ಡ ಬಂದಳು. ಹತ್ತೊಂಬತ್ತನೆಯ ತಾರೀಖು ನಾನು ಅಡುಗೆಯವನ ಜೊತೆ ಜಗಳವಾಡುತ್ತಿದ್ದೆ, ಪೆಂಡಾಲಿನವನ ಜೊತೆ ಜಗಳವಾಡುತ್ತಿದ್ದೆ. ಸಂಜೆ ಐದಕ್ಕೆ ಆ ಪಟ್ಟಿ ಮುಚ್ಚುತ್ತದೆ ಎಂದು ಗೊತ್ತಿತ್ತು. ಐದಾಗುವುದನ್ನು ನೋಡಿದೆ. ಜಗಳ ಮುಂದುವರಿಸಿದೆ.

ಮದುವೆ ಚೆನ್ನಾಗಿಯೇ ಆಯಿತು.

ಐದನೆಯ ದಿನ ಮಗಳನ್ನು ಕರೆತರಲು ಕಣಗಲಾಕ್ಕೆ ಹೋಗಿದ್ದೆ. ಊಟವಾದ ಮೇಲೆ ವೀರಪ್ಪ ಎಲೆ ಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತರು. ಒಳ್ಳೆಯ ಮನುಷ್ಯ, ದನಿಯಲ್ಲಿ ಕೊಂಕಿರಲಿಲ್ಲ.

"ಬೀಗರ, ಒಂದ ಮಾತ ಹೇಳತೀನಿ, ಮನಸಿಗಿ ಹಚ್ಚಿಕೋಬ್ಯಾಡ್ರಿ. ನಮ್ಮಾಕಿ ನೇತ್ರಾನ್ನ ಮೊದಲ ನೋಡಿದ್ದ ಗೋಕಾಕದಾಗ, ಸೀರೀ ಅಂಗಡ್ಯಾಗ. ನಮ್ಮ ಮಗಳ ಬಸ್ತಾ ತಗ್ಯಾಕ ಹೋಗಿದ್ವಿ. ಯಾರ ಮಾತಿಗೂ ಬಗ್ಗಲಾರದ ನಮ್ಮವ್ವನ ಕೈಲೆ ಹೂಂ ಅನ್ನಿಸಿದ್ಲ್ರಿ ಈಕಿ. ಅಲ್ಲೇ ಹೆಸರ ಕೇಳಿಕೊಂಡ ಬಂದು ನಿಮ್ಮ ಮನಿ ಹುಡಕಿದ್ವಿ."

ನಾನು ಕೇಳಿದೆ: "ಮತ್ತ ಅವತ್ತ ಯಾಕ ಅನಲಿಲ್ರಿ?"

"ನೀವು ಮನ್ಯಾಗ ಇರತಾಳ ಅಂದ್ರಿ. ಕೆಲಸಾ ಮಾಡೂದು ನಿಮಗ ಮನಸಿಲ್ಲೋ ಏನೋ, ಬಿಡಿಸಿರಬೇಕು ಅಂತ ನಾವೂ ಸುಮ್ಮಕಾದ್ವಿ. ಹೈವೇ ಬಾಜೂಕ ಅಂಗಡಿ ಇಡೂವಂಥಾ ಒಂದ ಗಾಳಾ ಐತ್ರಿ, ಬಟ್ಟಿ ಅಂಗಡಿ ಹಾಕಿ ಸೊಸೀನ್ನ ಕುಂಡ್ರಸೂನು ಅಂತ ಇದ್ವಿ. ನಿಮ್ಮ ಮನಿತನಕ್ಕ ಸರಿ ಬರೂದಿಲ್ಲಂತ ಮೊನ್ನೆ ಬಾಡಗೀಗಿ ಕೊಟ್ವಿ."

ಒಳಗೆ ನೇತ್ರಾ ಪಾತ್ರೆ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಎದ್ದವನೇ ಬಿಳಿ ಹಾಳೆ ತೆಗೆದುಕೊಂಡು ಬರೆದೆ. ನನ್ನ ಮಗಳು ನೇತ್ರಾ ಗೋಕಾಕದ ಸೀರೆ ಅಂಗಡಿಯಲ್ಲಿ ಐದು ತಿಂಗಳು ಕೆಲಸ ಮಾಡಿದ್ದಾಳೆ. ಫೋನಿನಲ್ಲಿ ನಾನು ಹೇಳಿದ್ದು ಸುಳ್ಳು. ಕೆಳಗೆ ಸಹಿ ಹಾಕಿ ಮೊದಲ ಬಸ್ಸು ಹಿಡಿದೆ. ಪ್ರಯೋಜನವಿಲ್ಲ ಎಂದು ಗೊತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂದವನಿಗೆ ಬಸ್ಸು ಯಾವಾಗಲೂ ಸಮಯಕ್ಕೆ ಸರಿಯಾಗಿಯೇ ಸಿಗುತ್ತದೆ.

ಮಾಳಿಗೆಯ ಮೇಲೆ ಬೋರ್ಡು ಇಳಿಸಿ ಗೋಡೆಗೆ ಒರಗಿಸಿದ್ದರು. ದಾಕ್ಷಾಯಿಣಿ ಒಂದು ಬೆಂಚಿನ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದಳು. ಮುಂದೆ ಮೂವತ್ತು ಹೆಸರಿನ ಹೊಸ ಪಟ್ಟಿ. ನನ್ನನ್ನು ನೋಡಿ ಕೂರಿ ಎಂದು ಕೈ ಮಾಡಿದಳು. ನಾನು ಕೂತೆ. ಅವಳು ಒಂದೊಂದೇ ಹೆಸರಿಗೆ ಫೋನ್ ಹಚ್ಚುತ್ತ ಹೋದಳು.

"ಸೋಮವಾರ ಬರಬ್ಯಾಡವ್ವಾ. ಇಲ್ಲ, ಶುರು ಆಗೂದಿಲ್ಲ. ಮುಂದೂ ಇಲ್ಲ." ಮತ್ತೊಂದು. "ನಿಮ್ಮ ಮಗಳದೇನೂ ತಪ್ಪಿಲ್ರಿ. ಇಲ್ರಿ, ರೊಕ್ಕಾ ಕೊಟ್ರೂ ಆಗೂದಿಲ್ಲ." ಮತ್ತೊಂದು. "ಅಳಬ್ಯಾಡ. ಹೊಲಿಗಿ ಕಲೀತಿಯೇನು? ಹುಕ್ಕೇರ್ಯಾಗ ಒಬ್ರ ಅದಾರ, ನಂಬರ ಕೊಡತೀನಿ."

ಹನ್ನೊಂದು ಫೋನು ಮಾಡುವವರೆಗೆ ನಾನು ಅಲ್ಲೇ ಕೂತಿದ್ದೆ. ಒಂದರಲ್ಲೂ ಅವಳು ನನ್ನ ಹೆಸರು ಹೇಳಲಿಲ್ಲ, ಆರು ಮನೆಯವರು ಹೀಗೆ ಮಾಡಿದರು ಎಂದೂ ಹೇಳಲಿಲ್ಲ. ಆಮೇಲೆ ನೀರು ಕುಡಿದು ನನ್ನ ಕಡೆ ತಿರುಗಿದಳು.

"ಮದವಿ ಚಲೋ ಆತಂತಲ್ರಿ."

ನಾನು ಕಾಗದ ತೆಗೆದು ಬೆಂಚಿನ ಮೇಲೆ ಇಟ್ಟೆ. ಅವಳು ಪೂರ್ತಿ ಓದಿದಳು. ಬೈಯುತ್ತಾಳೆ ಎಂದು ಕಾದೆ, ಬೈದರೆ ಹಗುರಾಗುತ್ತಿದ್ದೆ. ಅವಳು ಕಾಗದವನ್ನು ಮತ್ತೆ ನನ್ನ ಕೈಗೆ ಕೊಟ್ಟಳು.

"ನನಗೀಗ ಇದರದೇನೂ ಕೆಲಸಿಲ್ರಿ ಅಣ್ಣಾರ. ನೇತ್ರಾನ ಕೈಯಾಗ ಕೊಡ್ರಿ. ಆಕಿ ಇದನ್ನ ನೋಡಬೇಕು."

ಮತ್ತೆ ಫೋನ್ ಎತ್ತಿಕೊಂಡಳು, ಹನ್ನೆರಡನೆಯ ಹುಡುಗಿಗೆ.

ಅದಾದ ಮೇಲೆ ಕೋಣೆ ಖಾಲಿ ಮಾಡಿ ಹುಕ್ಕೇರಿಗೆ ಅಣ್ಣನ ಮನೆಗೆ ಹೋದಳು ಎಂದು ಕೇಳಿದೆ. ಇಪ್ಪತ್ತೆಂಟಕ್ಕೆ ಬೇಡವೆಂದ ಮನೆಗೆ ನಲವತ್ತೇಳಕ್ಕೆ ಹೋದಳು. ಹೋಗಿ ನೋಡುವ ಧೈರ್ಯ ನನಗೆ ಬಂದಿಲ್ಲ. ನೇತ್ರಾ ಪಂಚಮಿಗೆ ಬಂದು ಹೋದಳು, ದೀಪಾವಳಿಗೆ ಬಂದು ಹೋದಳು, ಮೊನ್ನೆ ಏಳು ತಿಂಗಳ ಬಸುರಿ, ಕುಬುಸದ ಶಾಸ್ತ್ರಕ್ಕೂ ಬಂದಿದ್ದಳು. ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತು ಉಣ್ಣುತ್ತಾಳೆ. ಪ್ರತಿ ಸಲವೂ ಇವತ್ತು ಕೊಡುತ್ತೇನೆ ಎಂದು ಕಾಗದವನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತೇನೆ. ಇನ್ನೂ ಕೊಟ್ಟಿಲ್ಲ.